ಅಂಗೈಯಲ್ಲಿ ರಕ್ತಪರೀಕ್ಷೆ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬುಡದ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಧರ್ಮಲಿಪಿ ಕೆತ್ತಲ್ಪಟ್ಟಿರುವ ಸಂಗತಿ ವಾಚಕರಿಗೆ ಹೊಸದಲ್ಲ. 1892ರಲ್ಲಿ ಬಿ. ಎಲ್. ರೈಸ್ ಮಹಾಶಯರು ಅದನ್ನು ಲೋಕಕ್ಕೆ ತಿಳಿಯಪಡಿಸಿದಂದಿನಿಂದ ಚರಿತ್ರೆಯ ಪುಸ್ತಕಗಳಲ್ಲಿ ಆ ಬಂಡೆಗೆ ಒಂದು ಸ್ಥಾನವುಂಟು. ಆದರೆ ಶಾಸನದ ಒಕ್ಕಣೆಯಲ್ಲಿ ಹಲವರ ಕಣ್ಣಿಗೆ ಬೀಳದೆ ಹೋಗುವ ಸಣ್ಣ ಮಾತೊಂದಿದೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲವೆಂಬ ಊರಿನ ಮಹಾಮಾತ್ರರಿಗೆ ರಾಜಾಜ್ಞೆಯನ್ನು ಕಳುಹಿಸುವಾಗ, ಆಜ್ಞೆಯನ್ನು ಹೇಳುವುದಕ್ಕಿಂತ ಮುಂಚೆ ಅವರ ‘ಆರೋಗಿಯ’ವನ್ನು ವಿಚಾರಿಸುತ್ತಾರೆ. ಸಂಸ್ಕೃತದ ‘ಆರೋಗ್ಯ’ವೇ ಪ್ರಾಕೃತದಲ್ಲಿ ಹೀಗೆ ಮೃದುವಾಗಿ ನಿಂತಿದೆ. ಇಸಿಲವೆಂದರೆ ಆ ಬಂಡೆಯ ಸುತ್ತಣ ಪ್ರಾಚೀನ ನಗರವೇ ಎಂಬುದು ವಿದ್ವಾಂಸರ ಅಭಿಪ್ರಾಯ. ಹೀಗೆ ನಮ್ಮ ನಾಡಿನ ಅತಿ ಪ್ರಾಚೀನ ಲಿಖಿತ ವಾಕ್ಯಗಳಲ್ಲಿ ಒಂದು ಕ್ಷೇಮಸಮಾಚಾರದ ಪ್ರಶ್ನೆಯಾಗಿರುವುದು.

ಇದು ಶಿಷ್ಟಾಚಾರದ ಮಾತೆಂದು ಯಾರಾದರೂ ಹೇಳಿಯಾರು. ಇರಬಹುದು. ಆದರೆ ಅದೇ ಚಕ್ರವರ್ತಿಯು ತನ್ನ ಎರಡನೆಯ ಬಂಡೆಶಾಸನದಲ್ಲಿ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿ, ಔಷಧಿಯ ಗಿಡಮೂಲಿಕೆಗಳಿಲ್ಲದ ಕಡೆ ಅವನ್ನು ತರಿಸಿ ನೆಡಿಸಿದುದಾಗಿ ಹೇಳಿಕೊಂಡಿದ್ದಾನೆ. ಆ ಶಾಸನ ಬ್ರಹ್ಮಗಿರಿಯಲ್ಲಿಲ್ಲ; ನೆರೆಯ ಆಂಧ್ರದ ಎರ್ರಗುಡಿಯಲ್ಲಿದೆ. ಕ್ಷೇಮವೇ ಎಂದು ಕೇಳುವುದು ಸುಲಭ, ಕೇಳಿದ್ದಕ್ಕೆ ಸರಿಯಾದ ಉತ್ತರ ಪಡೆಯುವುದು ಕಷ್ಟವೆಂಬುದನ್ನು ಆ ಕಾಲದವರೂ ಬಲ್ಲವರಾಗಿದ್ದರೆಂದು ತೋರುತ್ತದೆ.

ಆ ಕಷ್ಟ ಈಗಲೂ ತೀರಿಲ್ಲ. ಬ್ರಹ್ಮಗಿರಿಯ ಆಸುಪಾಸಿನ ಒಂದು ಹಳ್ಳಿಯಲ್ಲಿ ಕಡಲೆಕಾಯಿ ಹೊಲದ ಕೂಲಿಯಿಂದ ಜೀವಿಸುವ ಹೆಂಗಸೊಬ್ಬಳಿಗೆ ಆಯಾಸ, ತಲೆಸುತ್ತು, ಬಾಯಾರಿಕೆ ಇದೆಯೆಂದು ಇಟ್ಟುಕೊಳ್ಳೋಣ. ಆಕೆ ಬೆಳಗಿನ ಜಾವ ಬರಿಹೊಟ್ಟೆಯಲ್ಲಿ ಬಸ್ಸು ಹತ್ತಿ ತಾಲ್ಲೂಕಿನ ಊರಿಗೋ, ಅದಕ್ಕೂ ಮುಂದೆ ಚಳ್ಳಕೆರೆಗೋ ಬಳ್ಳಾರಿಗೋ ಹೋಗಿ ರಕ್ತ ಕೊಡಬೇಕು. ಕೆಲವು ಪರೀಕ್ಷೆಗಳ ಫಲಿತಾಂಶಕ್ಕಾಗಿ ಮರುದಿನ ಮತ್ತೆ ಹೋಗಬೇಕು. ಎರಡು ದಿನದ ಕೂಲಿ, ಎರಡು ಸಲದ ಬಸ್ಸಿನ ದುಡ್ಡು, ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರ ಚಿಂತೆ. ರಕ್ತ ಕೊಟ್ಟು ಬಂದವರಲ್ಲಿ ಎಷ್ಟೋ ಮಂದಿ ಫಲಿತಾಂಶ ತರಲು ಹೋಗದೆ ಸುಮ್ಮನಾಗುವುದರಲ್ಲಿ ಆಶ್ಚರ್ಯವೇನು? ಇದನ್ನು ಅಜ್ಞಾನವೆಂದು ಬಯ್ಯುವವರು ಒಂದು ದಿನ ಆ ಲೆಕ್ಕವನ್ನು ತಮ್ಮ ಕೈಯಿಂದ ಹಾಕಿ ನೋಡಬೇಕು.

ಆದುದರಿಂದ ರೋಗಿಯನ್ನು ಪ್ರಯೋಗಶಾಲೆಯ ಬಳಿಗೆ ಕರೆಯುವುದರ ಬದಲು ಪ್ರಯೋಗಶಾಲೆಯನ್ನೇ ರೋಗಿಯ ಮನೆಬಾಗಿಲಿಗೆ, ಅಂಗೈಯಗಲದ ಯಂತ್ರವಾಗಿ, ಕೊಂಡೊಯ್ಯಬಹುದೇ ಎಂಬ ವಿಚಾರ ಜಗತ್ತಿನ ಹಲವು ಕಡೆಗಳಲ್ಲಿಯೂ ನಮ್ಮ ಬೆಂಗಳೂರಿನಲ್ಲಿಯೂ ನಡೆದಿದೆ. ಅದರ ಸ್ವರೂಪವನ್ನು ಗೃಹಸ್ಥರಿಗೆ ತಿಳಿಯುವಂತೆ ಹೇಳುವುದೇ ಈ ಲೇಖನದ ಉದ್ದೇಶ.

ನಮ್ಮ ಪೂರ್ವದ ವೈದ್ಯರಿಗೆ ಇಂದ್ರಿಯಗಳೇ ಉಪಕರಣಗಳಾಗಿದ್ದುವು. ನಾಡೀಪರೀಕ್ಷೆಯನ್ನು ಎಲ್ಲರೂ ಬಲ್ಲರು. ಆದರೆ ಅದು ಚರಕ ಸುಶ್ರುತರಲ್ಲಿ ಇಲ್ಲದೆ, ಶಾರ್ಙ್ಗಧರನ ಕಾಲಕ್ಕೆ ಗ್ರಂಥಸ್ಥವಾದದ್ದೆಂಬುದನ್ನು ಬಲ್ಲವರು ಕಡಿಮೆ. ಪ್ರಮೇಹದ ವಿಷಯದಲ್ಲಿ ಮಾತ್ರ ಚರಕಸಂಹಿತೆಯೇ ಒಂದು ಸೊಗಸಾದ ಲಕ್ಷಣವನ್ನು ಹೇಳುತ್ತದೆ: ರೋಗಿಯ ಮೈಗೂ ಮೂತ್ರಕ್ಕೂ ಇರುವೆಗಳು ಮುತ್ತುತ್ತವೆ. ವಿಚಾರಮಾಡಿದರೆ ಆ ಇರುವೆಯೇ ಮೊದಲನೆಯ ಸಂವೇದಕ. ‘ವಿದ್’ ಎಂಬ ಧಾತುವಿಗೆ ತಿಳಿಯುವುದೆಂದರ್ಥ. ಸಂವೇದಕವೆಂದರೆ ಚೆನ್ನಾಗಿ ತಿಳಿದು ತಿಳಿಸುವುದು. ಅದಕ್ಕೆ ಎರಡು ಕೆಲಸ. ನೂರಾರು ಪದಾರ್ಥಗಳ ನಡುವೆ ಬೇಕಾದ ಒಂದನ್ನು ಮಾತ್ರ ಗುರುತಿಸಬೇಕು. ಗುರುತಿಸಿದ್ದನ್ನು ನಮಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. ಇರುವೆ ಸಕ್ಕರೆಯನ್ನು ಗುರುತಿಸುತ್ತದೆ, ಸಾಲುಗಟ್ಟಿ ಬಂದು ಹೇಳುತ್ತದೆ. ಎಷ್ಟು ಸಕ್ಕರೆಯೆಂಬ ಲೆಕ್ಕವನ್ನು ಮಾತ್ರ ಕೊಡಲಾರದು. ಅರಿಸಿನದ ನೀರಿಗೆ ಸುಣ್ಣ ಬಿದ್ದೊಡನೆ ಕೆಂಪಾಗುವುದನ್ನು ಆರತಿಯ ತಟ್ಟೆಯಲ್ಲಿ ನಮ್ಮ ಮನೆಯ ಹೆಂಗಸರು ದಿನವೂ ನೋಡುತ್ತಾರೆ. ಅಲ್ಲಿ ಅರಿಸಿನ ಸುಣ್ಣದ ಕ್ಷಾರವನ್ನು ಗುರುತಿಸುತ್ತದೆ, ಬಣ್ಣದಿಂದ ಹೇಳುತ್ತದೆ. ರಾಸಾಯನಿಕ ಪರೀಕ್ಷೆಯ ತತ್ತ್ವ ಇಷ್ಟೇ.

1962ರಲ್ಲಿ ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಎಂಬ ವಿಜ್ಞಾನಿಯು ಗುರುತಿಸುವ ಕೆಲಸವನ್ನು ಒಂದು ಕಿಣ್ವಕ್ಕೆ ಒಪ್ಪಿಸಿ, ಹೇಳುವ ಕೆಲಸವನ್ನು ವಿದ್ಯುತ್ತಿಗೆ ಒಪ್ಪಿಸುವ ಉಪಾಯವನ್ನು ತೋರಿಸಿದನು. ಗ್ಲೂಕೋಸ್ ಆಕ್ಸಿಡೇಸ್ ಎಂಬ ಆ ಕಿಣ್ವ ಒಂದು ಬಗೆಯ ಬೂಸಿನಿಂದ ದೊರೆಯುತ್ತದೆ. ಅದು ರಕ್ತದಲ್ಲಿನ ಗ್ಲೂಕೋಸನ್ನು ಹಿಡಿದು ಅದರಿಂದ ಎಲೆಕ್ಟ್ರಾನುಗಳನ್ನು ಕಳಚುತ್ತದೆ. ಕಳಚಿದ ಎಲೆಕ್ಟ್ರಾನುಗಳನ್ನು ಲೋಹದ ಅಥವಾ ಇದ್ದಲಿನ ತಗಡಿನ ಕಡೆಗೆ ನಡೆಸಿದರೆ ಸಣ್ಣದೊಂದು ವಿದ್ಯುತ್ಪ್ರವಾಹವಾಗುತ್ತದೆ. ಸಕ್ಕರೆ ಹೆಚ್ಚಿದ್ದರೆ ಪ್ರವಾಹವೂ ಹೆಚ್ಚು. ಈಗ ಎಷ್ಟೋ ಮನೆಗಳಲ್ಲಿರುವ ಗ್ಲೂಕೋಮೀಟರು ಈ ತತ್ತ್ವದ ಸಂತಾನ. ಅದರ ಪಟ್ಟಿಗೆ ಬೇಕಾಗುವ ರಕ್ತ ಒಂದು ಘನ ಮಿಲಿಮೀಟರಿಗಿಂತಲೂ ಕಡಿಮೆ. ಅಷ್ಟರಲ್ಲಿಯೇ ಲಕ್ಷಗಟ್ಟಲೆ ಕೆಂಪು ಕಣಗಳಿರುತ್ತವೆ.

ಇಷ್ಟು ಸ್ವಲ್ಪ ರಕ್ತವನ್ನು ಪಂಪು ಕೊಳವೆಗಳಿಲ್ಲದೆ ಇರಬೇಕಾದ ಸ್ಥಳಕ್ಕೆ ನಡೆಸುವುದು ಹೇಗೆ? ಇದಕ್ಕೆ ಮೈಕ್ರೋಫ್ಲೂಯಿಡಿಕ್ಸ್, ಎಂದರೆ ಸೂಕ್ಷ್ಮಪ್ರವಾಹಗಳ ಶಾಸ್ತ್ರ, ಎಂದು ಹೆಸರು. ಹೆಸರು ದೊಡ್ಡದಾದರೂ ವಿಷಯ ದೇವರ ಮನೆಯಲ್ಲಿಯೇ ಇದೆ. ಹಣತೆಯ ಬತ್ತಿ ಎಣ್ಣೆಯನ್ನು ಮೇಲಕ್ಕೆ ಏರಿಸುವಾಗ ಅದನ್ನು ತಳ್ಳುವವರು ಯಾರು? ಎಳೆಗಳ ನಡುವಣ ಕೂದಲಿನಷ್ಟು ಕಿರಿದಾದ ಸಂದುಗಳು ದ್ರವವನ್ನು ತಾವೇ ಒಳಕ್ಕೆ ಸೆಳೆಯುತ್ತವೆ. ಹೊಳೆಯ ನೀರು ಸುಳಿಯುತ್ತದೆ, ಮಗುಚುತ್ತದೆ, ಕಲಸಿಹೋಗುತ್ತದೆ. ಕೂದಲಿನಗಲದ ನಾಲೆಯಲ್ಲಿ ಹಾಗಲ್ಲ. ಅಲ್ಲಿ ಎರಡು ದ್ರವಗಳನ್ನು ಪಕ್ಕಪಕ್ಕದಲ್ಲಿ ಬಿಟ್ಟರೆ ಗೆರೆ ಕೊರೆದಂತೆ ನೆಟ್ಟಗೆ ಹರಿಯುತ್ತವೆ. ಒಂದರೊಳಗಿನ ಅಣುಗಳು ಮತ್ತೊಂದಕ್ಕೆ ಮೆಲ್ಲಮೆಲ್ಲನೆ ಮಾತ್ರ ದಾಟುತ್ತವೆ. ಈ ಶಿಸ್ತಿನಿಂದಾಗಿ ಪರೀಕ್ಷೆಯ ಪ್ರತಿಯೊಂದು ಹೆಜ್ಜೆಯ ಕಾಲವನ್ನೂ ಮೊದಲೇ ಗೊತ್ತುಮಾಡಬಹುದು. ಗರ್ಭಪರೀಕ್ಷೆಯ ಕಡ್ಡಿಯೂ, 2020ರ ಮಹಾಮಾರಿಯ ನಂತರ ನಮಗೆಲ್ಲ ಪರಿಚಿತವಾದ ಎರಡು ಗೆರೆಯ ಪಟ್ಟಿಯೂ ಹೀಗೆ ಬತ್ತಿಯ ನ್ಯಾಯದಿಂದಲೇ ನಡೆಯತಕ್ಕವು. ಹಾರ್ವರ್ಡಿನ ಜಾರ್ಜ್ ವೈಟ್‌ಸೈಡ್ಸ್ ಎಂಬ ಆಚಾರ್ಯನು 2007ರಲ್ಲಿ ಸಾಮಾನ್ಯ ಸೋಸುಕಾಗದದ ಮೇಲೆ ನೀರು ದಾಟಲಾರದ ಗೆರೆಗಳನ್ನು ಮೂಡಿಸಿ, ಒಂದು ತೊಟ್ಟನ್ನು ಹಲವು ಕವಲುಗಳಾಗಿ ಒಡೆದು ಹಲವು ಪರೀಕ್ಷೆಗಳನ್ನು ಒಟ್ಟಿಗೆ ಮಾಡಿ ತೋರಿಸಿದನು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಭೂಷಣ ಟೋಳೆಯವರ ತಂಡ ಇಂಥ ಕಾಗದದ ಉಪಕರಣಗಳ ಮೇಲೆಯೇ ಕೆಲಸ ಮಾಡುತ್ತಿದೆ.

ಕಾಗದವಾದರೆ ಬಟ್ಟೆಯೇಕಾಗಬಾರದು? ಈ ಪ್ರಶ್ನೆಯನ್ನು ಕೇಳಿದವರು ಬೆಂಗಳೂರಿನ ಅಚಿರಾ ಲ್ಯಾಬ್ಸ್ ಎಂಬ ಸಂಸ್ಥೆಯ ಧನಂಜಯ ದೆಂದುಕೂರಿಯವರೂ ಅವರ ಸಂಗಡಿಗರೂ. ಅವರು 2011ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಮೊಳಕಾಲ್ಮೂರಿನವರು ತಮ್ಮ ಮನೆಯ ಸುದ್ದಿಯೆಂದೇ ಓದಬಹುದು. ಏಕೆಂದರೆ ಅವರು ಆರಿಸಿಕೊಂಡದ್ದು ರೇಷ್ಮೆಯನ್ನು. ಅದನ್ನು ಉಪಕರಣವಾಗಿಸಿದ್ದು ಕೈಮಗ್ಗದಿಂದ. ರೇಷ್ಮೆಯ ನೂಲಿಗೆ ಬೇಕಾದ ರಾಸಾಯನಿಕವನ್ನು ಲೇಪಿಸಿ ಒಣಗಿಸಿ, ಅದನ್ನು ಬಟ್ಟೆಯಲ್ಲಿ ಇಂತಿಷ್ಟು ಎಳೆಗೊಂದರಂತೆ ನೇಯ್ದರೆ, ಮಗ್ಗದಿಂದ ಇಳಿಯುವುದು ಬರಿಯ ಬಟ್ಟೆಯಲ್ಲ, ನೂರಾರು ಪರೀಕ್ಷಾಪಟ್ಟಿಗಳ ಹಾಳೆ. ಕತ್ತರಿಸಿದರೆ ಒಂದೊಂದು ತುಂಡೂ ಒಂದೊಂದು ಪ್ರಯೋಗಶಾಲೆ.

ಇದರ ಜಾಣತನವನ್ನು ನೇಕಾರರಿಗೆ ವಿವರಿಸಿ ಹೇಳಬೇಕಾಗಿಲ್ಲ. ಮೇಲಿನ ಅಂಟನ್ನು ಕುದಿಸಿ ತೆಗೆದ ರೇಷ್ಮೆ ನೀರನ್ನು ಬೇಗ ಹೀರುತ್ತದೆಂಬುದನ್ನು ಬಣ್ಣ ಹಾಕುವವರು ಬಲ್ಲರು. ಹುರಿ ಹೆಚ್ಚಾದರೆ ಎಳೆಗಳ ನಡುವಣ ಸಂದು ಬಿಗಿದು ಹೀರುವ ವೇಗ ಬದಲಾಗುತ್ತದೆಂಬುದನ್ನು ನೂಲನ್ನು ಬಲ್ಲ ಯಾರೂ ಊಹಿಸಬಹುದು. ಪಟ್ಟಿಯಲ್ಲಿ ರಕ್ತ ಎಷ್ಟು ಹೊತ್ತಿಗೆ ಎಲ್ಲಿಗೆ ತಲುಪಬೇಕೆಂಬುದನ್ನು ಗೊತ್ತುಮಾಡುವುದೂ ಇವೇ. ಹಾಸಿನಲ್ಲಿ ಒಂದು ನೂಲು, ಹೊಕ್ಕಿನಲ್ಲಿ ಇನ್ನೊಂದು. ಲಾಳಿ ಬದಲಾಯಿಸಿದರೆ ರಾಸಾಯನಿಕ ಬದಲಾಯಿತು. ಸಿಲಿಕಾನಿನ ಅಥವಾ ಪ್ಲಾಸ್ಟಿಕ್ಕಿನ ಉಪಕರಣಕ್ಕೆ ಬೇಕಾಗುವ ಬೆಲೆಬಾಳುವ ಯಂತ್ರಗಳ ಕೆಲಸವನ್ನು ಇಲ್ಲಿ ಶತಮಾನಗಳಿಂದ ನಡೆದುಬಂದ ಮಗ್ಗವೇ ಮಾಡುತ್ತದೆ. ಮೊಳಕಾಲ್ಮೂರಿನ ಸೀರೆಯ ಅಂಚನ್ನು ತಪ್ಪಿಲ್ಲದೆ ನೇಯುವ ಕೈಗೆ ಈ ಕೆಲಸ ಕಷ್ಟವಾಗದೆಂದೇ ನನ್ನ ಎಣಿಕೆ. ಸೀರೆಯ ವ್ಯಾಪಾರ ಇಳಿದಾಗ ಮಗ್ಗವನ್ನು ಅಟ್ಟಕ್ಕೇರಿಸಿ ಕೂಲಿಗೆ ಹೋಗುವ ಮನೆಗಳಿರುವ ಊರಿನಲ್ಲಿ ಇಂಥದೊಂದು ಪ್ರಯತ್ನ ನಡೆಯಬೇಕೆಂದು ಬಯಸುವುದು ಅತ್ಯಾಶೆಯಲ್ಲ.

ಇನ್ನು ಎರಡನೆಯ ಶಾಖೆ, ಅರೆವಾಹಕಗಳದ್ದು. ತಾಮ್ರ ವಿದ್ಯುತ್ತನ್ನು ಸಲೀಸಾಗಿ ಬಿಡುತ್ತದೆ, ಗಾಜು ಬಿಡುವುದಿಲ್ಲ. ಮರಳಿನಿಂದ ತೆಗೆಯುವ ಸಿಲಿಕಾನು ಇವೆರಡರ ನಡುವೆ ನಿಂತು, ನಾವು ಹೇಳಿದಾಗ ಬಿಡುತ್ತದೆ, ಬೇಡವೆಂದಾಗ ತಡೆಯುತ್ತದೆ. ಕೆರೆಯ ತೂಬನ್ನು ನೆನೆಯಿರಿ. ತೂಬಿನ ಬಾಗಿಲನ್ನು ಒಂದು ಗೇಣು ಎತ್ತುವ ಸಣ್ಣ ಶ್ರಮದಿಂದ ಗದ್ದೆಗೆಲ್ಲ ನೀರು ಹರಿಯುತ್ತದೆ. ಟ್ರಾನ್ಸಿಸ್ಟರು ಅಂಥ ತೂಬು. 1970ರಲ್ಲಿ ಹಾಲೆಂಡಿನ ಪೀಟ್ ಬರ್ಗ್‌ವೆಲ್ಡ್ ಎಂಬಾತನು ಆ ತೂಬಿನ ಬಾಗಿಲಿನ ಲೋಹವನ್ನು ತೆಗೆದು ಆ ಸ್ಥಳದಲ್ಲಿ ದ್ರವವನ್ನೇ ನಿಲ್ಲಿಸಿದನು. ದ್ರವದಲ್ಲಿರುವ ಅಯಾನುಗಳ ಆವೇಶವೇ ಬಾಗಿಲನ್ನು ಎತ್ತಿ ಇಳಿಸಿ, ಆಮ್ಲದ ಅಳತೆಯನ್ನು ವಿದ್ಯುತ್ತಿನ ಭಾಷೆಯಲ್ಲಿ ಹೇಳಿತು. ಮೇಲೆ ತಕ್ಕ ಗ್ರಾಹಕವಸ್ತುವನ್ನು ಲೇಪಿಸಿದರೆ ಬೇರೆ ಬೇರೆ ಪದಾರ್ಥಗಳನ್ನೂ ಇದೇ ತೂಬಿನಿಂದ ಅಳೆಯಬಹುದು.

ಇಂಥ ಉಪಕರಣಗಳನ್ನು ಮಾಡುವ ಕೋಣೆಯ ಮಡಿ ನಮ್ಮ ಅಜ್ಜಿಯರ ಮಡಿಯನ್ನು ಮೀರಿಸತಕ್ಕದ್ದು. ‘ನೂರನೆಯ ದರ್ಜೆ’ಯ ಶುದ್ಧ ಕೊಠಡಿಯಲ್ಲಿ ಒಂದು ಘನ ಅಡಿ ಗಾಳಿಗೆ ಅರ್ಧ ಮೈಕ್ರಾನಿಗಿಂತ ದೊಡ್ಡ ಧೂಳಿನ ಕಣ ನೂರಕ್ಕೆ ಮೀರಬಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನ್ಯಾನೋ ವಿಜ್ಞಾನ ಮತ್ತು ತಾಂತ್ರಿಕತೆಯ ಕೇಂದ್ರವೊಂದು ಇಂಥ ಕೊಠಡಿಗಳೊಡನೆ ನಡೆಯುತ್ತಿದೆ. ಅಲ್ಲಿನ ಪ್ರಾಧ್ಯಾಪಕರಾದ ನವಕಾಂತ ಭಟ್ಟರು ಮೈಸೂರಿನ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಮುಂಬಯಿಯಲ್ಲಿಯೂ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿಯೂ ವ್ಯಾಸಂಗ ಮುಗಿಸಿ ಬಂದವರು. ಜೈವಿಕ ಸಂವೇದಕಗಳ ಮತ್ತು ಅನಿಲ ಸಂವೇದಕಗಳ ಮೇಲಿನ ಕೆಲಸಕ್ಕಾಗಿ ಅವರಿಗೆ 2018ರ ಇನ್ಫೋಸಿಸ್ ಪ್ರಶಸ್ತಿ ಸಂದಿತು. ಅವರೂ ವಿನಯಕುಮಾರರೂ ಕೂಡಿ 2015ರಲ್ಲಿ ಕಟ್ಟಿದ ಸಂಸ್ಥೆಯ ಹೆಸರು ಪಾಥ್‌ಶೋಧ್. ಸಂಸ್ಕೃತದ ಕಿವಿಗೆ ಇದು ದಾರಿಯನ್ನು ಹುಡುಕುವುದೆಂದು ಕೇಳಿಸುತ್ತದೆ. ವೈದ್ಯರ ಕಿವಿಗೆ ಪೆಥಾಲಜಿಯೂ ಕೇಳಿಸಬಹುದು. ಆ ಸಂಸ್ಥೆಯವರು 2021ರಲ್ಲಿ ಕೋವಿಡ್ ರೋಗದ ಪ್ರತಿಕಾಯಗಳನ್ನು ವಿದ್ಯುತ್ತಿನಿಂದ ಅಳೆಯುವ ಪರೀಕ್ಷೆಗೆ ಸರ್ಕಾರದ ಅನುಮತಿಯನ್ನೂ ಪಡೆದರು.

ಅವರ ‘ಅನುಪಾಥ್’ ಎಂಬ ಅಂಗೈಯಂತ್ರದ ವಿಶೇಷವೇನೆಂದರೆ, ಅದು ಸಕ್ಕರೆಯೊಂದನ್ನೇ ಅಳೆದು ಸುಮ್ಮನಾಗುವುದಿಲ್ಲ. ಬೆರಳ ತುದಿಯ ರಕ್ತದಿಂದ ಗ್ಲೂಕೋಸು, ಹಿಮೋಗ್ಲೋಬಿನು, ಸಕ್ಕರೆ ಅಂಟಿದ ಹಿಮೋಗ್ಲೋಬಿನು, ಅಲ್ಬುಮಿನ್ನು, ಸಕ್ಕರೆ ಅಂಟಿದ ಅಲ್ಬುಮಿನ್ನು ಇವುಗಳನ್ನೂ, ಮೂತ್ರದಿಂದ ಮೂತ್ರಪಿಂಡದ ಸ್ಥಿತಿಯನ್ನು ತಿಳಿಸುವ ಅಳತೆಗಳನ್ನೂ ಬೇರೆ ಬೇರೆ ಪಟ್ಟಿಗಳಿಂದ ಒಂದೇ ಯಂತ್ರ ಓದುತ್ತದೆ. ಇಷ್ಟೊಂದು ಏಕೆ, ಸಕ್ಕರೆ ಕಾಯಿಲೆಗೆ ಸಕ್ಕರೆಯ ಅಳತೆ ಸಾಲದೇ ಎಂದು ವಾಚಕರು ಕೇಳಬಹುದು. ನನ್ನ ದೃಷ್ಟಿಯಲ್ಲಿ ಈ ವಿಷಯದ ಮರ್ಮವೇ ಇಲ್ಲಿದೆ. ಆದುದರಿಂದ ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ಗ್ಲೂಕೋಮೀಟರು ಹೇಳುವುದು ಈ ಗಳಿಗೆಯ ಸಕ್ಕರೆಯನ್ನು. ನಿನ್ನೆ ಹೋಳಿಗೆ ತಿಂದು ಇಂದು ಉಪವಾಸವಿದ್ದವನ ನಿಜಸ್ಥಿತಿ ಅದಕ್ಕೆ ಕಾಣಿಸುವುದಿಲ್ಲ. ರಕ್ತದ ಕೆಂಪು ಕಣದಲ್ಲಿರುವ ಹಿಮೋಗ್ಲೋಬಿನ್ನಿಗೆ ಸಕ್ಕರೆ ತಾನಾಗಿ ಅಂಟಿಕೊಳ್ಳುತ್ತದೆ. ಒಮ್ಮೆ ಭದ್ರವಾಗಿ ಅಂಟಿದ್ದು ಆ ಕಣ ಸಾಯುವವರೆಗೂ ಬಿಡುವುದಿಲ್ಲ. ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಹೀಗಾಗಿ ನೂರರಲ್ಲಿ ಎಷ್ಟು ಹಿಮೋಗ್ಲೋಬಿನ್ನಿಗೆ ಸಕ್ಕರೆ ಅಂಟಿದೆಯೆಂದು ನೋಡಿದರೆ ಹಿಂದಿನ ಎರಡು ಮೂರು ತಿಂಗಳ ಜಮಾಖರ್ಚು ಸಿಕ್ಕುತ್ತದೆ. ವೈದ್ಯರು ಎಚ್‌ಬಿಎ1ಸಿ ಎನ್ನುವುದು ಇದನ್ನೇ. ನೂರಕ್ಕೆ 5.7ರೊಳಗಿದ್ದರೆ ಸುಖ, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ, ನಡುವೆಯಿದ್ದರೆ ಎಚ್ಚರಿಕೆಯ ಗಂಟೆ. ಇದಕ್ಕೆ ಉಪವಾಸ ಬೇಕಿಲ್ಲ. ಹೊಲಕ್ಕೆ ಹೋಗುವ ದಾರಿಯಲ್ಲಿಯೇ ಪರೀಕ್ಷಿಸಿಕೊಳ್ಳಬಹುದು. ಹಳ್ಳಿಗೆ ಇದಕ್ಕಿಂತ ಅನುಕೂಲವಾದ ಪರೀಕ್ಷೆ ಇಲ್ಲವೆಂದು ತೋರುತ್ತದೆ.

ಆದರೆ ಈ ಲೆಕ್ಕವೆಲ್ಲ ಕೆಂಪು ಕಣಗಳು ಕ್ರಮವಾಗಿ ಹುಟ್ಟಿ ಕ್ರಮವಾಗಿ ಸಾಯುತ್ತವೆಂಬ ನಂಬಿಕೆಯ ಮೇಲೆ ನಿಂತಿದೆ. ಕಬ್ಬಿಣದ ಕೊರತೆಯಿಂದ ರಕ್ತಹೀನತೆಯಾದ ಮೈಯಲ್ಲಿ ಹೊಸ ಕಣಗಳ ಹುಟ್ಟು ನಿಧಾನವಾಗುತ್ತದೆ. ಹಳೆಯ ಕಣಗಳ ಪಾಲು ಹೆಚ್ಚುತ್ತದೆ. ಹಳೆಯ ಕಣದಲ್ಲಿ ಹೆಚ್ಚು ದಿನದ ಸಕ್ಕರೆ ಅಂಟಿರುತ್ತದೆ. ಫಲವಾಗಿ ಸಕ್ಕರೆ ಕಾಯಿಲೆಯಿಲ್ಲದವಳಿಗೂ ಅಂಕಿ ನಿಜಕ್ಕಿಂತ ಮೇಲೆ ನಿಲ್ಲಬಹುದು. ರಕ್ತಸ್ರಾವವಾದವರಲ್ಲಿಯೂ, ಕುಡುಗೋಲುಕಣದ ರೋಗದವರಲ್ಲಿಯೂ, ಕಬ್ಬಿಣದ ಗುಳಿಗೆಯನ್ನು ಹೊಸದಾಗಿ ಆರಂಭಿಸಿದವರಲ್ಲಿಯೂ ಎಳೆಯ ಕಣಗಳು ಹೆಚ್ಚಾಗಿ, ಅಂಕಿ ಸುಳ್ಳಾಗಿ ಇಳಿಯಬಹುದು. ಸಾಮಾನ್ಯ ಗ್ಲೂಕೋಮೀಟರಿಗೂ ಈ ದೋಷ ತಪ್ಪಿದ್ದಲ್ಲ. ರಕ್ತದಲ್ಲಿ ಕಣಗಳ ಪಾಲು ತೀರ ಕಡಿಮೆಯಾದಾಗ, ಅದನ್ನು ತಾನೇ ಸರಿಪಡಿಸಿಕೊಳ್ಳುವ ಏರ್ಪಾಡಿಲ್ಲದ ಯಂತ್ರ ಸಕ್ಕರೆಯನ್ನು ಇದ್ದುದಕ್ಕಿಂತ ಹೆಚ್ಚಾಗಿಯೇ ತೋರಿಸುತ್ತದೆ.

ಈ ದೋಷ ಪುಸ್ತಕದ ಸೂಕ್ಷ್ಮವಾಗಿ ಉಳಿಯದೆ ನಮ್ಮ ಮನೆಯ ವಿಷಯವಾಗುವುದು ಏಕೆಂದರೆ, 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿ ರಕ್ತಹೀನರು. ದೇಶದ ಲೆಕ್ಕ ನೂರಕ್ಕೆ 57. ಮತ್ತೊಂದು ಕಡೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ದೇಶದಲ್ಲಿ 10.1 ಕೋಟಿ ಜನ ಸಕ್ಕರೆ ಕಾಯಿಲೆಯವರೆಂದೂ, 13.6 ಕೋಟಿ ಜನ ಅದರ ಹೊಸ್ತಿಲಿನಲ್ಲಿರುವವರೆಂದೂ ಅಂದಾಜು ಮಾಡಿದೆ. ಎರಡು ಕಾಯಿಲೆಗಳೂ ಒಂದೇ ಮನೆಯಲ್ಲಿ, ಎಷ್ಟೋ ವೇಳೆ ಒಂದೇ ಮೈಯಲ್ಲಿ, ಸೇರಿರುತ್ತವೆ. ಅಂಥವಳಿಗೆ ಎಚ್‌ಬಿಎ1ಸಿಯೊಂದನ್ನೇ ನೋಡಿ ಸಕ್ಕರೆಯ ಗುಳಿಗೆ ಬರೆದುಕೊಟ್ಟರೆ, ಕಬ್ಬಿಣ ಬೇಕಾದವಳಿಗೆ ಪಥ್ಯ ವಿಧಿಸಿದಂತಾಗುತ್ತದೆ. ಮೊದಲೇ ಅರೆಹೊಟ್ಟೆಯವಳು ಮುದ್ದೆಯನ್ನೂ ಕಡಿಮೆಮಾಡಿಬಿಡುತ್ತಾಳೆ.

ಆದುದರಿಂದ ಹಿಮೋಗ್ಲೋಬಿನನ್ನೂ ಸಕ್ಕರೆಯನ್ನೂ ಒಂದೇ ಕುಳಿತಲ್ಲಿ, ಒಂದೇ ಯಂತ್ರದಲ್ಲಿ ನೋಡುವುದೇ ಈ ಹೊಸ ಉಪಕರಣಗಳ ನಿಜವಾದ ಪ್ರಯೋಜನವೆಂದು ನಾನು ಭಾವಿಸುತ್ತೇನೆ. ಯಂತ್ರ ಚಿಕ್ಕದೆಂಬುದು ಎರಡನೆಯ ಮಾತು. ಸಂಶಯ ಬಂದಾಗ ಸಕ್ಕರೆ ಅಂಟಿದ ಅಲ್ಬುಮಿನ್ನನ್ನು ನೋಡಬಹುದು. ಅಲ್ಬುಮಿನ್ನು ರಕ್ತದ ದ್ರವಭಾಗದಲ್ಲಿರುವ ಪ್ರೋಟೀನು; ಕೆಂಪು ಕಣದ ಆಯುಸ್ಸಿಗೂ ಅದಕ್ಕೂ ಸಂಬಂಧವಿಲ್ಲ; ಎರಡು ಮೂರು ವಾರಗಳ ಲೆಕ್ಕವನ್ನು ಅದು ಕೊಡುತ್ತದೆ. ಮೂತ್ರದಲ್ಲಿ ಪ್ರೋಟೀನು ಸೋರುವವರಿಗೆ ಆ ಸಾಕ್ಷಿಯೂ ಕೆಡುತ್ತದೆಯೆಂಬುದು ನಿಜ. ಅದಕ್ಕೆಂದೇ ಮೂತ್ರಪರೀಕ್ಷೆಯೂ ಜೊತೆಗಿರುವುದು. ನ್ಯಾಯಸ್ಥಾನದಲ್ಲಿ ಒಬ್ಬನೇ ಸಾಕ್ಷಿಯ ಮಾತಿನಿಂದ ತೀರ್ಪು ಹೇಳುವ ನ್ಯಾಯಾಧೀಶ ಉಂಟೇ?

ಈ ಹೊಸ ಯಂತ್ರಗಳನ್ನು ಹೊಗಳುವಾಗ ಎರಡು ಕಥೆಗಳನ್ನು ಮರೆಯಬಾರದು. ಅಮೆರಿಕದ ಥೆರಾನೋಸ್ ಎಂಬ ಕಂಪನಿ ಬೆರಳ ತುದಿಯ ಕೆಲವೇ ತೊಟ್ಟುಗಳಿಂದ ನೂರಾರು ಪರೀಕ್ಷೆ ಮಾಡುವೆನೆಂದು ಸಾರಿ ಅಪಾರ ಹಣವನ್ನು ಕೂಡಿಹಾಕಿತು. 2015ರಲ್ಲಿ ಪತ್ರಿಕೆಯೊಂದು ಅದರ ಹುಳುಕನ್ನು ಬಯಲು ಮಾಡಿತು. 2018ರಲ್ಲಿ ಕಂಪನಿ ಮುಚ್ಚಿತು. ಅದನ್ನು ಸ್ಥಾಪಿಸಿದ ಎಲಿಜಬೆತ್ ಹೋಮ್ಸ್ ಎಂಬಾಕೆ ಹಣ ಹೂಡಿದವರನ್ನು ವಂಚಿಸಿದ ಅಪರಾಧಿಯೆಂದು 2022ರ ಜನವರಿಯಲ್ಲಿ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಎರಡನೆಯದು ವಂಚನೆಯ ಕಥೆಯಲ್ಲ, ಉಪೇಕ್ಷೆಯದು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಜಪಾನಿನ ಟಕುವೊ ಅವೊಯಾಗಿಯು 1970ರ ದಶಕದಲ್ಲಿ ಕಂಡುಹಿಡಿದ ಉಪಾಯದಿಂದ ಹುಟ್ಟಿದ್ದು. ಕೆಂಪು ಮತ್ತು ಅವಕೆಂಪು ಬೆಳಕನ್ನು ಅರೆವಾಹಕದ ಹಣತೆಗಳಿಂದ ಬೆರಳಿನ ಮೂಲಕ ಹಾಯಿಸಿ ರಕ್ತದ ಆಮ್ಲಜನಕವನ್ನು ಅದು ಅಳೆಯುತ್ತದೆ. ಮಹಾಮಾರಿಯ ಕಾಲದಲ್ಲಿ ಮನೆಮನೆಗೂ ಬಂದ ಆ ಪುಟ್ಟ ಉಪಕರಣ ಕಪ್ಪು ಚರ್ಮದವರಲ್ಲಿ ಆಮ್ಲಜನಕವನ್ನು ನಿಜಕ್ಕಿಂತ ಹೆಚ್ಚಾಗಿ ತೋರಿಸುವುದುಂಟೆಂದು, ಗುಪ್ತವಾದ ಕೊರತೆ ಬಿಳಿಯರಿಗಿಂತ ಅವರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಸಲ ಕಣ್ತಪ್ಪಿತೆಂದು 2020ರಲ್ಲಿ ಅಮೆರಿಕದ ವೈದ್ಯರು ತೋರಿಸಿಕೊಟ್ಟರು. ಯಾರ ಮೈಯ ಮೇಲೆ ಯಂತ್ರವನ್ನು ಒರೆಹಚ್ಚಿ ನೋಡಿದ್ದಾರೆಂಬುದು ಯಂತ್ರದಷ್ಟೇ ಮುಖ್ಯ. ಚಳ್ಳಕೆರೆಯ ಹೊಲದಲ್ಲಿ ದುಡಿಯುವ ರಕ್ತಹೀನ ಹೆಂಗಸಿನ ಮೇಲೆ ಪರೀಕ್ಷಿಸದ ಯಂತ್ರವನ್ನು ಅವಳಿಗಾಗಿಯೇ ಮಾಡಿದ್ದೆಂದು ಹೇಳಲಾಗದು.

ಇದನ್ನು ಹೇಳಲು ಇನ್ನೊಂದು ಕಾರಣವೂ ಉಂಟು. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1500 ಎಕರೆ ನೆಲವನ್ನು ಕೊಡಲಾಗಿದೆ. ಸುತ್ತಲೂ ರಕ್ಷಣಾ ಸಂಶೋಧನೆಯವರಿಗೂ, ಪರಮಾಣು ಸಂಶೋಧನೆಯವರಿಗೂ, ಬಾಹ್ಯಾಕಾಶದವರಿಗೂ ವಿಶಾಲವಾದ ನೆಲ ಸಂದಿದೆ. ಇದೆಲ್ಲ ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳ ಕಾವಲಾಗಿದ್ದ ಹುಲ್ಲುಗಾವಲು. ಕುರಿ ದನ ಮೇಯಿಸುವವರಿಗೂ ಕಂಬಳಿ ನೇಯುವವರಿಗೂ ಅದೇ ಆಧಾರವಾಗಿತ್ತು. ಅವರ ಅಹವಾಲು ರಾಷ್ಟ್ರೀಯ ಹಸಿರು ನ್ಯಾಯಪೀಠದವರೆಗೂ ಹೋಯಿತು. ಕುದಾಪುರದಲ್ಲಿ ಹಳ್ಳಿಯ ವಿಜ್ಞಾನ ಉಪಾಧ್ಯಾಯರಿಗೆ ತರಬೇತಿ ಕೊಡುವ ಒಳ್ಳೆಯ ಕೆಲಸ ನಡೆಯುತ್ತದೆ. ನಿವೃತ್ತ ಉಪಾಧ್ಯಾಯನಾದ ನನಗೆ ಅದರ ಬೆಲೆ ತಿಳಿಯದೆ ಇಲ್ಲ. ನಾನು ಮೇಲೆ ವಿವರಿಸಿದ ಸಂವೇದಕಗಳ ಕೆಲಸ ನಡೆದದ್ದು ಮಾತ್ರ ಬೆಂಗಳೂರಿನಲ್ಲಿ. ನೆಲವನ್ನು ಬಿಟ್ಟುಕೊಟ್ಟ ಸೀಮೆಯ ಜನ ಆ ವಿದ್ಯೆಯ ಫಲದಲ್ಲಿ ಮೊದಲ ಪಾಲನ್ನು ಕೇಳಿದರೆ ಅದು ಭಿಕ್ಷೆಯಾಗಲಾರದು. ಯಂತ್ರಗಳನ್ನು ಇಲ್ಲಿನ ಬಿಸಿಲಿನಲ್ಲಿ, ಇಲ್ಲಿನ ಧೂಳಿನಲ್ಲಿ, ಇಲ್ಲಿನ ಜನರ ರಕ್ತದ ಮೇಲೆ ಪರೀಕ್ಷಿಸಿ, ಆಸ್ಪತ್ರೆಯ ದೊಡ್ಡ ಯಂತ್ರದ ಫಲಿತಾಂಶದೊಡನೆ ತಾಳೆನೋಡಿ, ಆಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಕೊಡಬೇಕು. ಯಂತ್ರ ಕೊಟ್ಟು ಪಟ್ಟಿಗಳನ್ನು ಕೊಡದಿದ್ದರೆ ಅದು ಬೀರುವಿನ ಅಲಂಕಾರವಾಗುತ್ತದೆ; ಪಟ್ಟಿ ಕೊಟ್ಟು ಗುಳಿಗೆ ಕೊಡದಿದ್ದರೆ ಜನರಿಗೆ ಹೆದರಿಕೆಯೊಂದೇ ಲಾಭ.

ಅಷ್ಟರೊಳಗೆ, ಈಗಾಗಲೇ ಮನೆಯಲ್ಲಿ ಗ್ಲೂಕೋಮೀಟರು ಇಟ್ಟುಕೊಂಡಿರುವವರು ಕೆಲವು ವಿಷಯಗಳನ್ನು ತಿಳಿದಿರಬೇಕು. ಅಂತಾರಾಷ್ಟ್ರೀಯ ನಿಯಮದಂತೆ ಒಳ್ಳೆಯ ಯಂತ್ರಕ್ಕೂ ನೂರಕ್ಕೆ 15ರಷ್ಟು ವ್ಯತ್ಯಾಸ ಕ್ಷಮ್ಯ. 150 ಎಂದು ತೋರಿಸಿದರೆ ನಿಜಸ್ಥಿತಿ ಸುಮಾರು 130 ಇರಬಹುದು, 175ರ ಹತ್ತಿರವೂ ಇರಬಹುದು. ನಿನ್ನೆ 140, ಇಂದು 148 ಎಂದು ಗಾಬರಿಯಾಗುವುದೂ, ಬೆಳಗಿನ ಕಾಫಿಯನ್ನು ಬಿಟ್ಟು ಮನೆಯವರ ಮೇಲೆ ಸಿಡುಕುವುದೂ ವ್ಯರ್ಥ. ಪಟ್ಟಿಗಳ ಡಬ್ಬಿಯನ್ನು ಅಡಿಗೆಮನೆಯ ಒಲೆಯ ಬಳಿಯಾಗಲಿ, ಬಿಸಿಲು ಬೀಳುವ ಕಿಟಕಿಯಲ್ಲಾಗಲಿ ಇಡಕೂಡದು. ಕಿಣ್ವ ಬಿಸಿಗೆ ಕೆಡುತ್ತದೆ. ಮುಚ್ಚಳವನ್ನು ಕೂಡಲೇ ಬಿಗಿಯಬೇಕು, ತೇವ ಅದಕ್ಕೆ ವೈರಿ. ಡಬ್ಬಿಯ ಮೇಲಿನ ತಾರೀಕು ಮೀರಿದ ಪಟ್ಟಿಯನ್ನು ಉಳಿತಾಯದ ದೃಷ್ಟಿಯಿಂದ ಬಳಸಬಾರದು. ಬೆರಳನ್ನು ಚುಚ್ಚುವ ಮುಂಚೆ ಸಾಬೂನಿನಿಂದ ತೊಳೆದು ಚೆನ್ನಾಗಿ ಒರಸಿಕೊಳ್ಳಬೇಕು. ಮಾವಿನಹಣ್ಣು ಹೆಚ್ಚಿದ ಕೈಯಲ್ಲಿ ಪರೀಕ್ಷೆ ಮಾಡಿದರೆ ಯಂತ್ರ ಹಣ್ಣಿನ ಸಕ್ಕರೆಯನ್ನೂ ಸೇರಿಸಿ ಹೇಳುತ್ತದೆ. ಬೆರಳ ತುದಿಯ ನಡುವೆ ಚುಚ್ಚುವುದಕ್ಕಿಂತ ಪಕ್ಕದಲ್ಲಿ ಚುಚ್ಚಿದರೆ ನೋವು ಕಡಿಮೆ. ಹಿಸುಕಿ ಹಿಸುಕಿ ರಕ್ತ ತೆಗೆದರೆ ಅಂಗಾಂಶದ ನೀರು ಬೆರೆತು ಅಂಕಿ ಕೆಡುತ್ತದೆ.

ಒಂದು ಸಣ್ಣ ಪುಸ್ತಕದಲ್ಲಿ ತಾರೀಕು, ಊಟಕ್ಕೆ ಮುಂಚೆಯೋ ಆಮೇಲೋ ಎಂಬುದು, ಅಂಕಿ, ಇವಿಷ್ಟನ್ನು ಬರೆದಿಟ್ಟು, ಹಿಮೋಗ್ಲೋಬಿನನ್ನು ಕಡೆಯ ಸಲ ಯಾವಾಗ ನೋಡಿಸಿದರೆಂಬುದನ್ನೂ ಅದರಲ್ಲಿಯೇ ಗುರುತು ಮಾಡಿರಬೇಕು. ವೈದ್ಯರು ಎಚ್‌ಬಿಎ1ಸಿಯ ವಿಷಯ ಎತ್ತಿದಾಗ ಆ ಪುಟವನ್ನು ಅವರಿಗೆ ತೋರಿಸತಕ್ಕದ್ದು. ಮನೆಯಲ್ಲಿ ಇಬ್ಬರು ಪರೀಕ್ಷೆ ಮಾಡಿಕೊಳ್ಳುವವರಿದ್ದರೆ ಒಬ್ಬರ ಸೂಜಿಯನ್ನು ಇನ್ನೊಬ್ಬರು ಯಾವ ಕಾರಣಕ್ಕೂ ಉಪಯೋಗಿಸಬಾರದು. ಬಳಸಿದ ಸೂಜಿಗಳನ್ನು ಮುಚ್ಚಳವಿರುವ ಗಟ್ಟಿಯಾದ ಹಳೆಯ ಡಬ್ಬಿಯೊಂದರಲ್ಲಿ ಹಾಕುತ್ತ ಬಂದು, ತುಂಬಿದ ಮೇಲೆ ಆರೋಗ್ಯ ಕೇಂದ್ರಕ್ಕೆ ಕೊಟ್ಟುಬಿಡಬೇಕು. ಕಸ ಗುಡಿಸುವವಳ ಕೈಗೆ ಅವು ಚುಚ್ಚಕೂಡದು.